ಸುಧಾರಣೆಯ ಹೆಸರಿನಲ್ಲಿ ಇನ್ನೊಂದು ಸಹಿ

ನಮ್ಮ ಕಾರ್ಖಾನೆಯಲ್ಲಿ ಸುಧಾರಣಾ ಸಭೆ ನಡೆದಾಗಲೆಲ್ಲ ಇರುವ ನಮೂನೆಗಳ ಜೊತೆಗೆ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಲೇತ್ ಯಂತ್ರಕ್ಕೆ ಒಂದು ಬೇರಿಂಗ್ ಬೇಕೆಂದರೆ ಮೊದಲು ಇಂಡೆಂಟ್ (ಬೇಡಿಕೆ) ಪುಸ್ತಕದಲ್ಲಿ ಬರೆಯಬೇಕು, ಅದನ್ನೇ ಎಲ್ಲ ವಿಭಾಗಗಳ ವ್ಯವಹಾರವನ್ನು ಒಂದೆಡೆ ದಾಖಲಿಸುವ ಇಆರ್‌ಪಿ ತಂತ್ರಾಂಶದಲ್ಲಿ ಮತ್ತೆ ತುಂಬಬೇಕು, ಬಳಿಕ ಅದರ ಮುದ್ರಿತ ಪ್ರತಿ ಹಿಡಿದು ಸ್ಟೋರ್ಸ್, ಖರೀದಿ, ಲೆಕ್ಕಪತ್ರ ವಿಭಾಗಗಳ ಸಹಿಗಾಗಿ ಮೇಜಿನಿಂದ ಮೇಜಿಗೆ ಅಲೆಯಬೇಕು. ಅಲ್ಲಿಯವರೆಗೂ ಯಂತ್ರ ನಿಂತೇ ಇರುತ್ತದೆ. ಕಾಗದ ಉಳಿಸಲೆಂದೇ ಆ ತಂತ್ರಾಂಶವನ್ನು ತಂದದ್ದು ಎಂದು ಯಾರಿಗೂ ನೆನಪಿಸುವಂತಿಲ್ಲ.

ಕೇಳಿದರೆ ‘ಐಎಸ್‌ಒ ಆಡಿಟ್‌ಗೆ ಬೇಕು’ ಎಂಬ ಸಿದ್ಧ ಉತ್ತರ ದೊರೆಯುತ್ತದೆ. ಆದರೆ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯು ಗುಣಮಟ್ಟದ ಕೈಪಿಡಿ ಕಡ್ಡಾಯವೆಂಬ ನಿಯಮವನ್ನೇ ಕೈಬಿಟ್ಟು, ದಾಖಲೆಗಳು ಎಷ್ಟಿರಬೇಕೆಂಬುದನ್ನು ಬಹುಮಟ್ಟಿಗೆ ಸಂಸ್ಥೆಯ ವಿವೇಚನೆಗೆ ಬಿಟ್ಟಿದೆ. ಆ ವಿವೇಚನೆಯನ್ನು ಬಳಸುವವರು ಮಾತ್ರ ನಮ್ಮಲ್ಲಿಲ್ಲ.

ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಕಾರ್ಮಿಕನೇ ಹಗ್ಗ ಎಳೆದು ಉತ್ಪಾದನೆಯನ್ನು ನಿಲ್ಲಿಸಬಹುದು. ನಮ್ಮಲ್ಲಿರುವುದು ಗೋಡೆಯ ಮೇಲೆ ‘ಕೈಜೆನ್’ (ನಿರಂತರ ಸುಧಾರಣೆ ಎಂಬರ್ಥದ ಜಪಾನಿ ಪದ) ಎಂಬ ಬಣ್ಣದ ಫಲಕ ಮತ್ತು ಅದರ ಕೆಳಗೊಂದು ಸಲಹಾ ಪೆಟ್ಟಿಗೆ. ಅದರ ಬೀಗದ ಕೈ ಯಾರ ಬಳಿಯಿದೆಯೆಂದು (ವಿಚಾರಿಸಿ ನೋಡಿದ್ದೇನೆ) ಯಾರಿಗೂ ಗೊತ್ತಿಲ್ಲ. ಬೇರಿಂಗ್‌ನಂತಹ ಸಣ್ಣ ಬಿಡಿಭಾಗಗಳಿಗಾದರೂ ಒಂದೇ ಸಹಿ ಸಾಕೆಂದು ನಾನು ಬರೆದುಕೊಟ್ಟ ಸಲಹೆಯನ್ನು ಪರಿಶೀಲಿಸಲು ಈಗ ಪ್ರತ್ಯೇಕ ನಮೂನೆಯೊಂದು ಸಿದ್ಧವಾಗುತ್ತಿದೆಯಂತೆ.