ಹಗ್ಗ ಹಿಡಿಯುವವರು

ನಮ್ಮ ಶಿರಸಿಯಲ್ಲಿ ವರ್ಷ ಲೆಕ್ಕ ಹಾಕುವ ಕ್ರಮವೇ ಬೇರೆ. ಒಂದು ವರ್ಷ ಮಾರಿಜಾತ್ರೆ, ಮರುವರ್ಷ ಬೇಡರ ವೇಷ. "ಮನೆ ಕಟ್ಟಿಸಿದ್ದು ಯಾವಾಗ?" ಅಂತ ಹಿರಿಯರನ್ನು ಕೇಳಿದರೆ "ಜಾತ್ರೆ ವರ್ಷ" ಅನ್ನುತ್ತಾರೆ, ಇಲ್ಲವೇ "ಜಾತ್ರೆ ಇಲ್ಲದ ವರ್ಷ" ಅನ್ನುತ್ತಾರೆ. 2024ರಲ್ಲಿ ಜಾತ್ರೆ ಆಯಿತು. 2025ರ ಹೋಳಿ ಹಬ್ಬಕ್ಕೆ ಬೇಡರ ವೇಷ ಆಯಿತು.

ಜಾತ್ರೆ ಬಗ್ಗೆ ಎಲ್ಲರಿಗೂ ಗೊತ್ತು. ದೇವಿ ರಥ ಏರಿ ಬಿಡ್ಕಿಬೈಲಿನ ಗದ್ದುಗೆಗೆ ಬಂದರೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ನಾನು ಇವತ್ತು ಬರೆಯುತ್ತಿರುವುದು ಬೇಡರ ವೇಷದ ಬಗ್ಗೆ. ಅದರಲ್ಲೂ, ಯಾರೂ ಫೋಟೋ ತೆಗೆಯದ ಇಬ್ಬರ ಬಗ್ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲೇ ಹತ್ತಿರದ ಸೋಂದೆಯ ಅರಸರ ಕಾಲದಲ್ಲಿ ಮಲ್ಲೇಶಿ ಅನ್ನುವ ಬೇಡ ಊರಿನ ಕಾವಲಿಗಿದ್ದನಂತೆ. ಕಾಯಬೇಕಾದವನೇ ಜನರಿಗೆ ಕಾಟ ಕೊಡಲು ಶುರು ಮಾಡಿದ. ರುದ್ರಾಂಬಿಕೆ ಅನ್ನುವ ಹೆಣ್ಣುಮಗಳು ಅವನನ್ನು ಮದುವೆಯಾಗಿ, ಹೋಳಿಯ ಹೊತ್ತಿಗೆ ಅವನು ಸೆರೆ ಸಿಗುವಂತೆ ಮಾಡಿದಳು. ಊರವರು ಅವನನ್ನು ಹಿಡಿದು ಸುಟ್ಟರು ಅನ್ನುವುದು ಕತೆ. ಆ ಕತೆ ಇವತ್ತಿಗೂ ಹೋಳಿಯ ಹಿಂದಿನ ರಾತ್ರಿಗಳಲ್ಲಿ ನಮ್ಮ ಬೀದಿಗಳಲ್ಲಿ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ, ಕೆಂಪು ಬಣ್ಣದ ಮುಖ, ದಪ್ಪ ಮೀಸೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ತಮಟೆ ಪೆಟ್ಟಿಗೆ ಬೇಡ ಆರ್ಭಟಿಸಿ ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದಿರುತ್ತಾರೆ.

ನಾನು ಹಗ್ಗ ಹಿಡಿದವನು. ಒಂದಲ್ಲ, ಮೂರು ಸಲ.

ಮೊದಲ ಸಲ ಹಿಡಿದಾಗ ನನಗೆ ಇಪ್ಪತ್ತೊಂದು ವರ್ಷ. ಜೋರಾಗಿ ಎಳೆಯೋದೇ ಕೆಲಸ ಅಂದುಕೊಂಡಿದ್ದೆ. ಓಣಿಯ ಹಿರಿಯರೊಬ್ಬರು ನನ್ನ ಎರಡೂ ಅಂಗೈಗೆ ಹಳೇ ಪಂಚೆಯ ಬಟ್ಟೆ ಸುತ್ತುತ್ತಾ ಹೇಳಿದರು: "ಎಳೆಯೂದಲ್ಲ ತಮಾ, ಹಿಡಿಯೂದು. ಅವ ನಿನ್ನ ನಂಬಿ ಮುಂದೆ ಬೀಳ್ತಾ." ಆ ಮಾತು ಅರ್ಥ ಆಗಿದ್ದು ನಡುರಾತ್ರಿ ದಾಟಿದ ಮೇಲೆ. ಬೇಡ ನುಗ್ಗುವಾಗ ಪೂರ್ತಿ ಮುಂದಕ್ಕೆ ವಾಲುತ್ತಾನೆ. ಹಗ್ಗ ಸಡಿಲಾದರೆ ಮುಖ ಅಡಿಯಾಗಿ ಬೀಳುತ್ತಾನೆ, ಕೈಯಲ್ಲಿ ಕತ್ತಿ ಬೇರೆ. ಬಿಗಿ ಜಾಸ್ತಿಯಾದರೆ ಕುಣಿತ ಸಾಯುತ್ತದೆ. ತಮಟೆ ಯಾವಾಗ ತಿರುಗುತ್ತದೆ ಅಂತ ಕಿವಿಯಲ್ಲಿ ಹಿಡಿಯಬೇಕು, ಅವನ ಬೆನ್ನು ಯಾವ ಕಡೆ ಹೊರಳುತ್ತದೆ ಅಂತ ಕಣ್ಣಲ್ಲಿ. ಬೆವರಿಗೆ ಹಗ್ಗ ಒದ್ದೆಯಾಗಿ ಜಾರುತ್ತದೆ. ಬೆಳಗಿನ ಜಾವ ದೇವಿಕೆರೆ ಹತ್ತಿರ ಬಟ್ಟೆ ಬಿಚ್ಚಿದಾಗ ಎರಡೂ ಅಂಗೈ ಸುಲಿದಿದ್ದವು. ಆ ದಿನ ನನಗಾದಷ್ಟು ಖುಷಿ ನನ್ನ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಹಬ್ಬ ಉಳಿದಿರೋದು ಇಂಥವರಿಂದಲೇ. ಮಧ್ಯಾಹ್ನದಿಂದಲೇ ಕೂತು ಬಣ್ಣ ಬಳಿಯುವವರು. ನವಿಲುಗರಿಯನ್ನು ಎರಡು ವರ್ಷ ಹುಳ ಹಿಡಿಯದಂತೆ ಅಟ್ಟದ ಮೇಲೆ ಜೋಪಾನ ಮಾಡಿದವರು. ತಮಟೆಯ ಚರ್ಮ ಸಡಿಲಾಗುತ್ತಿದ್ದಂತೆ ರಸ್ತೆ ಬದಿ ಹುಲ್ಲು ಉರಿಸಿ ಕಾಯಿಸಿಕೊಡುವ ಹುಡುಗ. ಬೇಡನಿಗೆ ನೀರು ಕುಡಿಸೋಕೆ ಚೊಂಬು ಹಿಡಿದು ರಾತ್ರಿಯಿಡೀ ಹಿಂದೆ ನಡೆಯುವವನು. ಇವರಲ್ಲಿ ಒಬ್ಬರು ತಪ್ಪಿದರೂ ವೇಷ ನಿಲ್ಲುತ್ತದೆ.

ಈಗ ನನ್ನ ಬೇಜಾರು ಹೇಳುತ್ತೇನೆ. ಕಳೆದ ಸಲ ಒಂದು ಕಡೆ ತಮಟೆಯ ಪಕ್ಕದಲ್ಲೇ ದೊಡ್ಡ ಸ್ಪೀಕರ್ ಇಟ್ಟಿದ್ದರು. ತಮಟೆ ಕೇಳಲಿಲ್ಲ. ಬೇಡನಿಗೂ ಕೇಳಲಿಲ್ಲ, ಹಗ್ಗದವರಿಗೂ ಕೇಳಲಿಲ್ಲ. ಹೆಜ್ಜೆ ತಪ್ಪಿ ಒಬ್ಬ ಹುಡುಗ ಮೊಣಕಾಲು ಊರಿ ಬಿದ್ದ. ಇನ್ನೊಂದು ಕಡೆ ಮೊಬೈಲ್ ಹಿಡಿದವರು ಎಷ್ಟು ಹತ್ತಿರ ಬಂದಿದ್ದರು ಅಂದರೆ ಬೇಡನಿಗೆ ತಿರುಗೋಕೆ ಜಾಗವೇ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಬೇಡ ಬಂದ ಅಂದರೆ ಓಡುತ್ತಿದ್ದೆವು. ಅಮ್ಮನ ಸೆರಗಿನ ಹಿಂದೆ ನಿಂತು ಒಂದೇ ಕಣ್ಣಲ್ಲಿ ನೋಡುತ್ತಿದ್ದೆವು. ನಾವು ಓಡುತ್ತಿದ್ದುದರಿಂದಲೇ ಅವನಿಗೆ ಜಾಗ ಸಿಗುತ್ತಿತ್ತು, ಅಲ್ವಾ?

ಬದಲಾವಣೆಯೇ ಬೇಡ ಅನ್ನುವವನಲ್ಲ ನಾನು. ನಮ್ಮ ಜಾತ್ರೆಯಲ್ಲೇ ಕೋಣದ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅದು ನಿಂತಿತು. ಜಾತ್ರೆ ಅದರಿಂದ ಸಣ್ಣದಾಗಲಿಲ್ಲ, ದೊಡ್ಡದೇ ಆಯಿತು. ಅದು ಮನಸ್ಸಿಟ್ಟು ಯೋಚಿಸಿ ಮಾಡಿದ ಬದಲಾವಣೆ. ಸ್ಪೀಕರ್ ಹಾಗಲ್ಲ. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ತಮಟೆಯವರು ಸಿಗೋದು ಕಷ್ಟ ಅಂತ ಬಂದದ್ದು. ತಮಟೆ ಕಲಿಯೋಕೆ ಹುಡುಗರಿಲ್ಲ ಅಂದರೆ ನಾವು ಕಲಿಸಬೇಕು, ಕಲಿತವರಿಗೆ ಒಳ್ಳೇ ಸಂಭಾವನೆ ಕೊಡಬೇಕು. ಓಣಿಯ ವಂತಿಗೆಯಲ್ಲಿ ಸ್ಪೀಕರಿಗೆ ಹೋಗುವ ದುಡ್ಡು ಅವರಿಗೆ ಹೋಗಲಿ. ಇದನ್ನು ನಾನು ಮೀಟಿಂಗಿನಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ ಇರುವ ನಮ್ಮ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿ ಕೆಲಸ ಇದ್ದಿದ್ದರೆ ಯಾರು ಹೋಗುತ್ತಿದ್ದರು? ಆದರೆ ಬರುವಾಗ ಸುಮ್ನೆ ನೋಡೋಕೆ ಬರಬೇಡಿ. ಒಂದು ಕೆಲಸ ಹಿಡಿಯಿರಿ. ಬಣ್ಣ ಕಲಸಿ, ಚೊಂಬು ಹಿಡಿಯಿರಿ, ಜನರನ್ನು ಹಿಂದೆ ಸರಿಸಿ. ನಾಲ್ಕು ರಾತ್ರಿ ಬೇಡ, ಒಂದು ರಾತ್ರಿ ಸಾಕು.

ಮುಂದಿನದು 2027ರ ಹೋಳಿಗೆ. ನನ್ನ ಜೊತೆ ಹಗ್ಗ ಹಿಡಿಯುತ್ತಿದ್ದವನಿಗೆ ಈಗ ಬೆನ್ನುನೋವು, ಆಗೋದಿಲ್ಲ ಅಂದಿದ್ದಾನೆ. ನಮ್ಮ ಓಣಿಗೆ ಒಬ್ಬರು ಬೇಕು. ತಿಂಗಳ ಮೊದಲೇ ಸಂಜೆ ಹೊತ್ತು ಅಭ್ಯಾಸ ಶುರುವಾಗುತ್ತದೆ. ಕೈಗೆ ಸುತ್ತುವ ಬಟ್ಟೆ ನಾನೇ ತರುತ್ತೇನೆ.