ಮರುಭೂಮಿಗೊಂದು ಸ್ವೆಟರ್

ಜುಲೈನಲ್ಲಿ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ ಅಂದರೆ ಕ್ಯಾಲಿಫೋರ್ನಿಯಾದ ಕನ್ನಡಿಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ ಬಿಡಿ. 1913ರ ಜುಲೈ 10ರಂದು 56.7 ಡಿಗ್ರಿ ಬಿಸಿಲು ದಾಖಲಾದ ಜಾಗ ಅದು. ಇವತ್ತಿಗೂ ಅಧಿಕೃತ ವಿಶ್ವದಾಖಲೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ಮೇಲೆ ತಗ್ಗಿನಲ್ಲಿ ನಡೆಯಲೇಬೇಡಿ ಎಂದು ಪಾರ್ಕಿನವರೇ ಹೇಳುತ್ತಾರೆ.

ಆದರೆ ನಾವು ಹತ್ತಲು ಹೊರಟ ಟೆಲಿಸ್ಕೋಪ್ ಪೀಕ್ ಎಂಬ ಬೆಟ್ಟ ಇರುವುದೂ ಅದೇ ಪಾರ್ಕಿನಲ್ಲಿ. ಎತ್ತರ 3,368 ಮೀಟರ್. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಕೆಳಗೆ ಪ್ರವಾಸಿಗರು ಆರಾಮವಾಗಿ ಓಡಾಡುವಾಗ ಮೇಲಿನ ದಾರಿಯಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಳ್ಳಬೇಕು. ಹಿಮ ಕರಗಿ ದಾರಿ ಬಿಡುವ ಹೊತ್ತಿಗೆ ಕೆಳಗೆ ಕಾಲಿಡೋಕಾಗಲ್ಲ. ಒಂದೇ ವಠಾರದಲ್ಲಿ ಕೆಳಮನೆಯವರದು ಒಂದು ಪಂಚಾಂಗ, ಮಹಡಿಯವರದು ಇನ್ನೊಂದು ಅನ್ನೋ ಹಾಗೆ.

ಹೋಗುವ ದಾರಿಯಲ್ಲಿ ವೈಲ್ಡ್‌ರೋಸ್ ಹತ್ತಿರ ಸಾಲಾಗಿ ಹತ್ತು ಕಲ್ಲಿನ ಗೂಡುಗಳಿವೆ. ಒಂದೊಂದೂ 25 ಅಡಿ ಎತ್ತರ. 1877ರಲ್ಲಿ ಕಟ್ಟಿದ ಇದ್ದಿಲು ಗೂಡುಗಳು. ಸೀಸ, ಬೆಳ್ಳಿಯ ಅದಿರು ಕರಗಿಸಲು ಇಲ್ಲಿಂದ ಇದ್ದಿಲು ಹೋಗುತ್ತಿತ್ತು. ಕೆಲವೇ ವರ್ಷ ಉರಿದು ನಿಂತವು. ಒಳಗೆ ಹೊಕ್ಕು ಸುಮ್ನೆ ಕೆಮ್ಮಿದರೂ ದನಿ ಗುಂಯ್ ಅನ್ನುತ್ತದೆ. ಮರುಭೂಮಿಯಲ್ಲಿ ಸುಡೋಕೆ ಮರ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡು ಆಚೆ ಬಂದರೆ, ಸುತ್ತ ಗುಡ್ಡದ ತುಂಬ ಪೈನ್ ಮರ!

ನಡಿಗೆ ಶುರುವಾಗುವ ಮಹಾಗನಿ ಫ್ಲ್ಯಾಟ್ ಆಗಲೇ 2,480 ಮೀಟರ್ ಮೇಲಿದೆ. ಅಲ್ಲಿಂದ ತುದಿಗೆ 11 ಕಿಲೋಮೀಟರ್. ದಾರಿಯಲ್ಲಿ ಎಲ್ಲೂ ನೀರಿಲ್ಲ, ಹೊತ್ತುಕೊಂಡೇ ಹೋಗಬೇಕು. ಹತ್ತುತ್ತಾ ಹತ್ತುತ್ತಾ ಮೈ ತಿರುಚಿಕೊಂಡು ನಿಂತ ಬ್ರಿಸಲ್‌ಕೋನ್ ಪೈನ್‌ಗಳು ಸಿಗುತ್ತವೆ. ಗಾಳಿಗೆ ಕಿವಿ ತಣ್ಣಗಾಗುತ್ತದೆ. ಸ್ವೆಟರ್ ತುರುಕಿದ್ದಕ್ಕೆ ನಕ್ಕಿದ್ದವರೇ ಅದನ್ನು ಮೊದಲು ಕೇಳುತ್ತಾರೆ.

ತುದಿಯಲ್ಲಿ ನಿಂತರೆ ಪಶ್ಚಿಮಕ್ಕೆ ಮೌಂಟ್ ವಿಟ್ನಿ, ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಬೆಟ್ಟ. ಪೂರ್ವಕ್ಕೆ ಬ್ಯಾಡ್‌ವಾಟರ್, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ, ಇಡೀ ಉತ್ತರ ಅಮೆರಿಕದಲ್ಲೇ ತಗ್ಗು. ಅಲ್ಲಿ ಬೆಳ್ಳಗೆ ಹರಡಿಕೊಂಡಿರುವುದು ಉಪ್ಪು. ಅಲ್ಲಿಗೂ ಇಲ್ಲಿಗೂ ಸುಮಾರು ಮೂರೂವರೆ ಕಿಲೋಮೀಟರ್ ಎತ್ತರದ ಅಂತರ, ಅಂದರೆ ಇಪ್ಪತ್ತು ಡಿಗ್ರಿಗೂ ಜಾಸ್ತಿ ತಂಪು. ಆ ಬಾಣಲೆಯನ್ನು ನೋಡುತ್ತಾ ಮೊಸರನ್ನ ತಿನ್ನುವ ಸುಖ ನವೆಂಬರಿನಲ್ಲಿ ಬರುವವರಿಗೆ ಸಿಗಲ್ಲ. ಸ್ವಲ್ಪ ಕೆಟ್ಟ ಸುಖವೇ ಅನ್ನಿ.

ಊರಿಂದ ಬಂದಿದ್ದ ನಮ್ಮ ಮಾವನವರು ಫೋಟೋಗಳನ್ನೆಲ್ಲ ನೋಡಿ, "ಅಷ್ಟು ದೂರ ಹತ್ತಿದ್ರಲ್ಲ, ಮೇಲೆ ಯಾವ ದೇವರು?" ಎಂದು ಕೇಳಿದರು. ದೇವರಿಲ್ಲ, ಒಂದು ತಗಡಿನ ಡಬ್ಬಿ, ಅದರಲ್ಲಿ ಹತ್ತಿದವರು ಹೆಸರು ಬರೆಯುವ ಪುಸ್ತಕ ಇದೆ ಅಂದೆ.

"ಹಾಗಾದ್ರೆ ರಶೀದಿ ಪುಸ್ತಕ ಇದೆ, ಗುಡಿ ಮಾತ್ರ ಇನ್ನೂ ಕಟ್ಟಿಲ್ಲ ಅನ್ನಿ" ಎಂದರು.