ಓಣಿಯನ್ನೆಲ್ಲ ಕೇಳಿದರು, ಅಕ್ಕನನ್ನು ಬಿಟ್ಟು

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದೇ ಬಿಡ್ತೀನಿ.

ನಮ್ಮ ಓಣಿಯ ಯಜಮಾನರೊಬ್ಬರು ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ. ಭತ್ತದ ದಲಾಲಿ. ಹೆಸರು ಬೇಡ. ಅವರು ಫೇಸ್‌ಬುಕ್ಕಿಗೆ ಬರಲ್ಲ, ವಾಟ್ಸಾಪ್ ಸ್ಟೇಟಸ್ಸಿನಲ್ಲೇ ಅವರ ಸಂಸಾರ. ಅದಕ್ಕೇ ನನಗಿಷ್ಟು ಧೈರ್ಯ.

ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ. ಅದಕ್ಕೆ ಮೊದಲು ಠಾಣೆಯಿಂದ ವರದಿ ಹೋಗಬೇಕು, 1959ರ ಆಯುಧ ಕಾಯ್ದೆಯಲ್ಲೇ ಹಾಗಿದೆ. ಆ ವರದಿಗಾಗಿ ಇವತ್ತು ಇಬ್ಬರು ಬಂದಿದ್ದರು. ಪಕ್ಕದ ಮನೆಯವನು ಅಂತ ನನ್ನನ್ನೂ ಕರೆದರು. ಒಗ್ಗರಣಿ, ಮಿರ್ಚಿ, ಚಾ ಎಲ್ಲ ಆಯಿತು. ಆಧಾರ್ ನೋಡಿದರು, ಐಟಿ ರಿಟರ್ನ್ ನೋಡಿದರು. ಕೇಸು ಇದೆಯಾ ಕೇಳಿದರು. ಮಾನಸಿಕ ಆರೋಗ್ಯ ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟು ಬೇರೆ. ನಮ್ಮ ಕಡೆ ಆ ಸರ್ಟಿಫಿಕೇಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತಲ್ಲ, ನಾಲಿಗೆ ತೋರಿಸಿ ಒಳಗೆ ಹಾಕಿಕೊಳ್ಳುವಷ್ಟು.

ನನ್ನನ್ನು ಕೇಳಿದರು, ಎದುರು ಮನೆಯವರನ್ನು ಕೇಳಿದರು, ಕಿರಾಣಿ ಅಂಗಡಿಯವನನ್ನೂ ಕೇಳಿದರು. ಚಾ ತಂದುಕೊಟ್ಟು ಬಾಗಿಲ ಹತ್ತಿರ ನಿಂತಿದ್ದ ಅಕ್ಕನನ್ನು, ಅಂದರೆ ಅವರ ಹೆಂಡತಿಯನ್ನು, ಒಂದು ಮಾತು ಕೇಳಲಿಲ್ಲ. "ಸಕ್ಕರಿ ಸ್ವಲ್ಪ ಕಮ್ಮಿ ಇರ್ಲಿ ಅಕ್ಕಾರ" ಅಂದಿದ್ದು ಬಿಟ್ಟರೆ.

ಆ ವಸ್ತು ಇರುವುದು ಎಲ್ಲಿ? ಕಿರಾಣಿ ಅಂಗಡಿಯಲ್ಲಾ? ಆಕೆಯ ಸೀರೆ ಇರುವ ಅಲಮಾರಿನಲ್ಲಿ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರ ಹಾಳೆಯಲ್ಲಿ ಆ ಸಾಲೇ ಇರಲಿಲ್ಲವಂತೆ. ಸಂಜೆ ಕೂತು ಹುಡುಕಿದೆ. ಕೆನಡಾದಲ್ಲಿ ಬಂದೂಕಿನ ಲೈಸೆನ್ಸ್ ಅರ್ಜಿಗೆ ಹೆಂಡತಿಯೋ ಗಂಡನೋ ಸಹಿ ಹಾಕಬೇಕು, ಇಲ್ಲದಿದ್ದರೆ ಅಧಿಕಾರಿಗಳೇ ಅವರಿಗೆ ತಿಳಿಸುತ್ತಾರೆ. ಬಿಟ್ಟುಹೋಗಿ ಎರಡು ವರ್ಷ ಆಗದ ಸಂಗಾತಿಗೂ ಇದೇ ನಿಯಮ. ನ್ಯೂಜಿಲೆಂಡಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ನಮ್ಮಲ್ಲಿ ಚಾ ಮಾಡಿಸುತ್ತಾರೆ.

"ಸೀಸನ್ನಿನಲ್ಲಿ ಗಂಗಾವತಿಯಿಂದ ರಾತ್ರಿ ದುಡ್ಡು ತರಬೇಕು, ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ?" ಅನ್ನುತ್ತಾರೆ ಯಜಮಾನರು. ಸರಿ. ವ್ಯಾಪಾರದಲ್ಲಿ ಜೀವಭಯ ಇರುವವರಿಗೆ ಕೊಡಬಹುದು ಅಂತ 2016ರ ಆಯುಧ ನಿಯಮದಲ್ಲೂ ಇದೆ. ಆದರೆ ರೈತರ ದುಡ್ಡೆಲ್ಲ ಈಗ ಖಾತೆಗೆ ಬೀಳುತ್ತದೆ ಅಂತ ಹೋದ ತಿಂಗಳು ಎದೆ ತಟ್ಟಿ ಹೇಳಿದ್ದು ಇದೇ ಬಾಯಿ ಅಲ್ವಾ? ಆರ್‌ಟಿಜಿಎಸ್ ಕಾಯಲು ಪಿಸ್ತೂಲು ಯಾಕೆ? ನಿಜ ಹೇಳಬೇಕೆಂದರೆ ಅದು ಮದುವೆ ಮನೆಯಲ್ಲಿ ಸೊಂಟದ ಹತ್ತಿರ ಅಂಗಿ ಸ್ವಲ್ಪ ಎತ್ತಲು. ಖುಷಿಗೆ ಅಂತ ಗಾಳಿಯಲ್ಲಿ ಹಾರಿಸಿ ಯಾರಿಗಾದರೂ ಅಪಾಯ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಂತ 2019ರಲ್ಲಿ ಕಾಯ್ದೆಗೆ ಸೇರಿಸಿದ್ದು ಸುಮ್ನೆ ಅಲ್ಲ.

ಈಗ ನನ್ನ ವಿಷಯ.

"ಮನುಷ್ಯ ಹೆಂಗ್ರಿ? ಸಿಟ್ಟು ಗಿಟ್ಟು?" ಅಂತ ನನ್ನನ್ನು ಕೇಳಿದರು. ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ ಅವರು ಎಸೆದ ತಟ್ಟೆ ನಮ್ಮ ಅಂಗಳಕ್ಕೆ ಬಂದು ಬಿದ್ದದ್ದನ್ನು ನಾನೇ ಎತ್ತಿ ಕೊಟ್ಟಿದ್ದೇನೆ. ಒಂದು ಸಲ ಅಲ್ಲ. ಆದರೂ "ಭಾಳ ಒಳ್ಳೇವ್ರು ಸರ್" ಅಂದೆ. ನಮ್ಮ ಭತ್ತ ಹೋಗುವುದು ಅವರ ಅಂಗಡಿಗೇ. ಮುಂಗಾರಿಗೆ ತಂದ ಅಡ್ವಾನ್ಸ್ ಇನ್ನೂ ತೀರಿಲ್ಲ. ಸಹಿ ಹಾಕು ಅಂದರು, ಹಾಕಿದೆ.

ಮಧ್ಯಾಹ್ನ ಅಕ್ಕ ಮಾಳಿಗೆ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನನ್ನನ್ನು ನೋಡಿ, "ತಮ್ಮಾ, ಅದನ್ನ ಇಡೋ ಪೆಟಗಿ ಕೀಲಿ ಯಾರ ಕಡೆ ಇರ್ತೈತಿ?" ಅಂದರು.

"ಲೈಸೆನ್ಸ್ ಇದ್ದವರ ಕಡೇನೇ ಅಕ್ಕಾ" ಅಂದೆ.

"ಹೌದನು" ಅಂದು ಇನ್ನೊಂದು ಅಂಗಿ ಹಿಂಡಿದರು.

ನನ್ನ ಸಹಿ ಇರುವ ಫೈಲು ಈ ವಾರ ಕೊಪ್ಪಳಕ್ಕೆ ಹೋಗುತ್ತದಂತೆ.